ಎಣ್ಣೆ ಇಳಿಯದ ಹಾಗೆ: ಮಾದರಿ ವಿಮಾನದ ಬರಿಮರಕ್ಕೊಂದು ಕಾಪು

ನನ್ನ ಮೊದಲ ಇಂಜಿನ್ ವಿಮಾನದ ಮೂತಿಗೆ ನಾನು ಬಳಿದದ್ದು ಫ್ರೆಂಚ್ ಪಾಲಿಶ್. ಮನೆಯ ಮುಂಬಾಗಿಲಿಗೆ ಹೊಡೆದು ಮಿಕ್ಕಿದ್ದ ಅರ್ಧ ಬಾಟಲಿ ಅಟ್ಟದ ಮೇಲಿತ್ತು. ಹಳೇ ಬನಿಯನ್ ತುಂಡನ್ನು ಅದರಲ್ಲಿ ಅದ್ದಿ ಐದಾರು ಕೈ ತಿಕ್ಕಿದೆ. ಬಾಲ್ಸಾ ಜೇನುತುಪ್ಪದ ಬಣ್ಣಕ್ಕೆ ತಿರುಗಿ ಹೊಳೆಯಿತು. ಮೈದಾನದಲ್ಲಿ ನಾಲ್ಕು ಜನ ಮುಟ್ಟಿ ನೋಡಿ ಹೊಗಳಿದರು. ಅವತ್ತು ಮೂರು ಸಲ ಹಾರಿಸಿ, ಮನೆಗೆ ತಂದು ಒರೆಸಲು ಹೋದರೆ ಬೆಲ್ಲದ ಪಾಕದಂಥದ್ದು ಬಟ್ಟೆಗೆ ಅಂಟಿಕೊಂಡು ಎಳೆ ಎಳೆಯಾಗಿ ಬಂತು. ಮಾರನೇ ದಿನ ನಮ್ಮ ಬಡಾವಣೆಯ ಬಡಗಿಯವರಿಗೆ ತೋರಿಸಿದೆ. ಅವರು ಮೂತಿಯನ್ನು ಮೂಸಿ ನೋಡಿ ಹೇಳಿದ್ದು ಇಷ್ಟೇ: "ಸ್ಪಿರಿಟ್‌ನಲ್ಲಿ ಕರಗ್ಸಿ ಬಳ್ದಿರೋದು ಸ್ಪಿರಿಟ್ ಬಿದ್ರೆ ಕರಗ್ದೆ ಇನ್ನೇನಾಗುತ್ತೆ ಸಾರ್?"

ಫ್ರೆಂಚ್ ಪಾಲಿಶ್ ಎಂದರೆ ಅರಗು. ಚನ್ನಪಟ್ಟಣದ ಗೊಂಬೆಗೆ ಆ ಹೊಳಪು ಕೊಡುವುದೂ ಅರಗೇ. ಅಲ್ಲಿ ಚರಕಿ ಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಿಸಿಯಲ್ಲೇ ಕರಗಿಸಿ ಹತ್ತಿಸುತ್ತಾರೆ, ಇಲ್ಲಿ ಸ್ಪಿರಿಟ್‌ನಲ್ಲಿ ನೆನೆಸಿ ಬಟ್ಟೆಯಲ್ಲಿ ತಿಕ್ಕುತ್ತೇವೆ. ಮಗುವಿನ ಎಂಜಲಿಗೆ ಜಗ್ಗದ ಆ ಬಣ್ಣ ಆಲ್ಕೋಹಾಲ್ ಮುಂದೆ ನಿಲ್ಲುವುದಿಲ್ಲ. ಮಾದರಿ ವಿಮಾನದ ಗ್ಲೋ ಇಂಜಿನ್ ಕುಡಿಯುವ ಇಂಧನದಲ್ಲಿ ಮುಕ್ಕಾಲು ಪಾಲು ಆಲ್ಕೋಹಾಲೇ, ಅಂದರೆ ಮೆಥನಾಲ್.

ಕರಗಿದ ಪಾಲಿಶ್ ಹೋದರೆ ಹೋಗಲಿ, ಮತ್ತೆ ಬಳಿಯಬಹುದು. ನನ್ನ ವಿಮಾನವನ್ನು ಕೊಂದದ್ದು ಪಾಲಿಶ್ ಅಲ್ಲ, ಅದು ಬಿಟ್ಟುಕೊಟ್ಟ ಜಾಗದಿಂದ ಒಳಗಿಳಿದ ಹರಳೆಣ್ಣೆ. ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ಇಂಜಿನ್ ಸ್ಟಾರ್ಟ್ ಮಾಡಿ ಪೂರ್ತಿ ವೇಗಕ್ಕೆ ತಂದಾಗ ಅದು ಕೂತಿದ್ದ ಪ್ಲೈವುಡ್ ಗೋಡೆ, ಅಂದರೆ ಫೈರ್‌ವಾಲ್ ಸಮೇತ ಇಂಜಿನ್ ಮುಂದಕ್ಕೆ ಕಿತ್ತು ಬಂತು. ಪುಣ್ಯಕ್ಕೆ ವಿಮಾನ ಇನ್ನೂ ನೆಲದ ಮೇಲಿತ್ತು, ಬಾಲವನ್ನು ಗೆಳೆಯ ಹಿಡಿದಿದ್ದ. ಕಿತ್ತ ಜಾಗದ ಬಾಲ್ಸಾ ಕಾಫಿಯಲ್ಲಿ ಅದ್ದಿದ ರಸ್ಕ್‌ನಂತೆ ಬೆರಳಿಗೇ ಪುಡಿಯಾಯಿತು.

ಹತ್ತು ಚಮಚ ಎಣ್ಣೆ

ಯಾವುದನ್ನು ತಡೆಯಬೇಕು ಎಂದು ತಿಳಿಯದೆ ಏನು ಬಳಿದರೂ ದಂಡ. ಗ್ಲೋ ಇಂಧನದಲ್ಲಿ ಇರುವುದು ಮೂರು: ಮೆಥನಾಲ್, ಎಣ್ಣೆ, ಬೇಕೆಂದರೆ ಒಂದಷ್ಟು ನೈಟ್ರೋಮೀಥೇನ್. ಸ್ಪರ್ಧೆಗಳಲ್ಲಿ ಬಳಸುವ ಸರಳ ಮಿಶ್ರಣದಲ್ಲಿ 80 ಪಾಲು ಮೆಥನಾಲ್, 20 ಪಾಲು ಹರಳೆಣ್ಣೆ. ಹರಳೆಣ್ಣೆ ಪೆಟ್ರೋಲಿನಲ್ಲಿ ಸರಿಯಾಗಿ ಬೆರೆಯುವುದಿಲ್ಲ, ಆದರೆ ಆಲ್ಕೋಹಾಲಿನಲ್ಲಿ ಸಲೀಸಾಗಿ ಬೆರೆಯುತ್ತದೆ. ಎಷ್ಟು ಕಾದರೂ ಜಾರುವ ಗುಣ ಬಿಡುವುದಿಲ್ಲ. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಇಂಜಿನ್‌ಗಳೂ ಇದೇ ಎಣ್ಣೆ ಕುಡಿದು ಪೈಲಟ್‌ಗಳ ಮುಖಕ್ಕೆ ಉಗುಳುತ್ತಿದ್ದವು. ನಮ್ಮ ಕಡೆ ಮಗುವಿನ ನೆತ್ತಿಗೆ ತಟ್ಟುವ, ಹೊಟ್ಟೆ ಕಟ್ಟಿದರೆ ಕುಡಿಸುವ ಎಣ್ಣೆಯೇ ಅದು. ಆ ಪೈಲಟ್‌ಗಳ ಹೊಟ್ಟೆಯ ಪಾಡನ್ನು ನೀವೇ ಊಹಿಸಿಕೊಳ್ಳಿ.

ಈಗ ಲೆಕ್ಕ ಹಾಕೋಣ. ಕಲಿಯುವವರು ಇಟ್ಟುಕೊಳ್ಳುವ 'ನಲವತ್ತರ' ಇಂಜಿನ್, ಅಂದರೆ ಸುಮಾರು 6.5 ಸಿಸಿಯದು, ಒಂದು ಹಾರಾಟಕ್ಕೆ 250 ಮಿ.ಲೀ. ಇಂಧನ ಕುಡಿಯುತ್ತದೆ ಎಂದುಕೊಳ್ಳಿ. ಅದರಲ್ಲಿ ಐದನೇ ಒಂದು ಪಾಲು ಎಣ್ಣೆ, ಅಂದರೆ 50 ಮಿ.ಲೀ. ಟೂ-ಸ್ಟ್ರೋಕ್ ಇಂಜಿನ್ ಎಣ್ಣೆಯನ್ನು ಸುಡುವುದು ಕಡಿಮೆ, ಹೆಚ್ಚಿನದು ಸೈಲೆನ್ಸರ್‌ನಿಂದ ಹಾಗೇ ಆಚೆ ಬರುತ್ತದೆ. ಒಂದೊಂದು ಹಾರಾಟಕ್ಕೂ ಹತ್ತಿರ ಹತ್ತಿರ ಹತ್ತು ಟೀ ಚಮಚ ಎಣ್ಣೆ! ಒಂದಷ್ಟು ಗಾಳಿಪಾಲು, ಉಳಿದದ್ದು ವಿಮಾನದ ಮೈಮೇಲೆ.

ಮೆಥನಾಲ್ ನಿಮಿಷದಲ್ಲಿ ಆರುತ್ತದೆ, ಎಣ್ಣೆ ಆರುವುದೇ ಇಲ್ಲ. ಮೆಥನಾಲ್ ಬಣ್ಣವನ್ನು ಮೆತ್ತಗೆ ಮಾಡಿ ಬಾಗಿಲು ತೆರೆಯುತ್ತದೆ, ಅದರ ಬೆನ್ನಿಗೆ ಬಂದ ಎಣ್ಣೆ ಒಳಗೆ ಕೂತುಬಿಡುತ್ತದೆ. ಬಾಲ್ಸಾ ಎಂಬುದು ದಕ್ಷಿಣ ಅಮೆರಿಕದ ಈಕ್ವೆಡಾರ್ ಕಡೆಯಿಂದ ಬರುವ, ಒಂದು ಘನ ಮೀಟರಿಗೆ ಬರೀ 100ರಿಂದ 200 ಕೆ.ಜಿ. ತೂಗುವ ಮರ. ತೇಗವಾದರೆ 600 ಕೆ.ಜಿ. ದಾಟುತ್ತದೆ. ಅಷ್ಟು ಹಗುರ ಎಂದರೆ ಒಳಗೆಲ್ಲ ಪೊಳ್ಳು ಎಂದೇ ಅರ್ಥ. ಹಲಗೆಯ ಅಗಲ ಮುಖದಲ್ಲಿ ಎಣ್ಣೆ ಮೆಲ್ಲಗೆ ಇಳಿಯುತ್ತದೆ. ಅಡ್ಡ ಕೊಯ್ದ ಮುಖದಲ್ಲಿ, ಅಂದರೆ ಮರದ ಎಳೆಗಳ ಬಾಯಿ ತೆರೆದಿರುವ ಕಡೆ, ಎಳನೀರಿಗೆ ಹಾಕಿದ ಸ್ಟ್ರಾದಂತೆ ಹೀರುತ್ತದೆ. ಒಂದು ಬಾಲ್ಸಾ ಕಡ್ಡಿಯ ತುದಿಯನ್ನು ಬಣ್ಣದ ನೀರಿನಲ್ಲಿ ಇಟ್ಟು ಟೀ ಕುಡಿದು ಬನ್ನಿ, ನಾನು ಹೇಳುವುದು ಕಣ್ಣಿಗೇ ಕಾಣುತ್ತದೆ.

ಹಾಗಾಗಿ ಈ ಕೆಲಸವನ್ನು ಬಣ್ಣ ಹೊಡೆಯುವ ಕೆಲಸ ಎಂದುಕೊಳ್ಳಬೇಡಿ. ಕಣ್ಣಿಗೆ ಕಾಣುವ ಅಗಲ ಜಾಗವನ್ನು ಎಲ್ಲರೂ ಮುಚ್ಚುತ್ತಾರೆ. ವಿಮಾನ ಸಾಯುವುದು ಕಾಣದ ಜಾಗದಿಂದ: ಸ್ಕ್ರೂ ತೂತಿನ ಒಳಗೋಡೆ, ಪ್ಲೈವುಡ್‌ನ ಅಂಚು, ಫೈರ್‌ವಾಲ್‌ನ ಹಿಂಬದಿ, ಟ್ಯಾಂಕ್ ಕೂರುವ ಗೂಡು.

ಯಾವುದು ನಿಲ್ಲುತ್ತದೆ, ಯಾವುದು ಇಲ್ಲ

ಡಬ್ಬಿಯ ಮೇಲೆ ಬರೆದದ್ದನ್ನು ನಂಬಬೇಡಿ, ನನ್ನ ಮಾತನ್ನೂ ಪೂರ್ತಿ ನಂಬಬೇಡಿ. ಒಂದು ಗೇಣುದ್ದದ ಬಾಲ್ಸಾ ಚೂರಿನ ಮೇಲೆ ಪಟ್ಟಿ ಪಟ್ಟಿಯಾಗಿ ನಿಮ್ಮ ಹತ್ತಿರ ಇರುವುದನ್ನೆಲ್ಲ ಬಳಿದು, ಯಾವುದು ಏನೆಂದು ಪೆನ್ಸಿಲ್‌ನಲ್ಲಿ ಬರೆದು, ಒಂದು ವಾರ ಒಣಗಲು ಬಿಡಿ. ಆಮೇಲೆ ಪ್ರತಿ ಪಟ್ಟಿಯ ಮೇಲೂ ಇಂಧನದಲ್ಲಿ ನೆನೆಸಿದ ಹತ್ತಿ ಇಟ್ಟು, ಆರಿಹೋಗದಂತೆ ಬಾಟಲಿ ಮುಚ್ಚಳ ಬೋರಲು ಹಾಕಿ. ಒಂದು ಗಂಟೆಗೊಮ್ಮೆ, ಮತ್ತೆ ಬೆಳಗ್ಗೆ, ಉಗುರಿನಿಂದ ಕೆರೆದು ನೋಡಿ.

ನನ್ನ ಪಟ್ಟಿಯಲ್ಲಿ ಅರಗಿನ ಪಾಲಿಶ್ ಹತ್ತು ನಿಮಿಷವೂ ತಡೆಯಲಿಲ್ಲ. ಪೀಠೋಪಕರಣದವರು ಬಳಸುವ ಎನ್‌ಸಿ ಸೀಲರ್, ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್, ಚೂಯಿಂಗ್ ಗಮ್ ಆಯಿತು. ಕಿಟಕಿ ಸರಳಿಗೆ ಹೊಡೆಯುವ ಎನಾಮಲ್ ಒಂದು ಗಂಟೆಗೆ ಗಟ್ಟಿಯಾಗಿಯೇ ಇತ್ತು, ಬೆಳಗ್ಗೆ ನೋಡಿದರೆ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತ್ತು. ನೀರಿನ ಪಿಯು, ಅಂದರೆ ಪಾಲಿಯುರಿಥೇನ್, ಮಬ್ಬಾಗಿ ಮೆತ್ತಗಾಯಿತು. ಎಪಾಕ್ಸಿ ಮತ್ತು ಎರಡು ಡಬ್ಬಿಯ ಪಿಯು ಮಾತ್ರ ಏನೂ ಆಗಿಲ್ಲ ಎಂಬಂತೆ ಕೂತಿದ್ದವು.

ಕಾರಣ ಸುಲಭ. ಅರಗು, ಲ್ಯಾಕರ್ ಇವು ದ್ರಾವಕ ಆರಿ ಗಟ್ಟಿಯಾಗುವ ವಸ್ತುಗಳು, ದ್ರಾವಕ ಮತ್ತೆ ಸಿಕ್ಕರೆ ಮತ್ತೆ ಕರಗುತ್ತವೆ. ಎಪಾಕ್ಸಿ, ಎರಡು ಡಬ್ಬಿಯ ಪಿಯು ಇವು ರಾಳ ಮತ್ತು ಹಾರ್ಡನರ್ ಕೂಡಿ ರಾಸಾಯನಿಕವಾಗಿ ಹೆಣೆದುಕೊಂಡು ಗಟ್ಟಿಯಾಗುವವು. ಬೆಂದ ಮೊಟ್ಟೆಯನ್ನು ಮತ್ತೆ ನೀರು ಮಾಡಲಾದೀತೇ?

ಹಳಬರು ಕೇಳುತ್ತಾರೆ, ಮಾದರಿ ವಿಮಾನದ ಹಳೇ ಲ್ಯಾಕರ್ ಆದ ಡೋಪ್ ಬಳಿದರೆ ಸಾಲದೇ ಎಂದು. ಡೋಪ್‌ನಲ್ಲಿ ಎರಡು ಜಾತಿ. ನೈಟ್ರೇಟ್ ಡೋಪ್ ಮರಕ್ಕೂ ಕಾಗದಕ್ಕೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಗ್ಲೋ ಇಂಧನಕ್ಕೆ ಸೋಲುತ್ತದೆ. ಬ್ಯುಟಿರೇಟ್ ಡೋಪ್ ಅದಕ್ಕಿಂತ ಗಟ್ಟಿಗ, ಆದರೂ ನೈಟ್ರೋ ಹೆಚ್ಚಿದ್ದರೆ ಮೆತ್ತಗಾಗುತ್ತದೆ. ಸ್ಪಾರ್ಕ್ ಪ್ಲಗ್‌ನ ಪೆಟ್ರೋಲ್ ಇಂಜಿನ್‌ಗಳ ಕಾಲದಲ್ಲಿ ಡೋಪ್ ಸಾಕಾಗಿತ್ತು. 1940ರ ದಶಕದ ಕೊನೆಯಲ್ಲಿ ಅಮೆರಿಕದ ರೇ ಆರ್ಡನ್ ಗ್ಲೋ ಪ್ಲಗ್ ತಂದ ಮೇಲೆ ಮೆಥನಾಲ್ ಇಂಧನ ಎಲ್ಲ ಕಡೆ ಹಬ್ಬಿತು, ಅದರೊಂದಿಗೆ ಜನರ ವಿಮಾನಗಳ ಬಣ್ಣ ಕಿತ್ತು ಬರತೊಡಗಿತು. ಮಾದರಿ ವಿಮಾನದ ಬಣ್ಣದ ಡಬ್ಬಿಗಳ ಮೇಲೆ 'ಫ್ಯುಯೆಲ್ ಪ್ರೂಫ್' ಎಂದು ಅಚ್ಚು ಹಾಕುವ ಪಾಡು ಬಂದದ್ದು ಹಾಗೆ.

ಇನ್ನೊಂದು ಮಾತು, ಇದನ್ನು ಬಹಳ ಜನ ಮರೆಯುತ್ತಾರೆ: ಅಂಟು. ಮರಗೆಲಸದ ಬಿಳಿ ಅಂಟು ಎಂದರೆ ಪಾಲಿವಿನೈಲ್ ಅಸಿಟೇಟ್, ಅದು ಮೆಥನಾಲ್‌ನಲ್ಲಿ ಕರಗುವ ವಸ್ತು. ರೆಕ್ಕೆಯ ಪಕ್ಕೆಲುಬುಗಳಿಗೆ ಅದನ್ನು ಧಾರಾಳವಾಗಿ ಬಳಸಿ, ಅಲ್ಲಿ ಇಂಧನ ಹೋಗುವುದಿಲ್ಲ. ಫೈರ್‌ವಾಲ್‌ಗೆ ಮಾತ್ರ ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿಯೇ ಆಗಬೇಕು. ನನ್ನ ಮೊದಲ ವಿಮಾನದಲ್ಲಿ ಪಾಲಿಶ್ ಒಂದೇ ತಪ್ಪಾಗಿರಲಿಲ್ಲ, ಫೈರ್‌ವಾಲ್ ಕೂತಿದ್ದೂ ಬಿಳಿ ಅಂಟಿನ ಮೇಲೆಯೇ.

ಫೈರ್‌ವಾಲ್: ಒಂದು ಸಂಜೆಯ ಕೆಲಸ

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎಪಾಕ್ಸಿಯಲ್ಲಿ ಐದು ನಿಮಿಷದ್ದನ್ನು ಈ ಕೆಲಸಕ್ಕೆ ತರಬೇಡಿ. ಅದು ಮರದೊಳಗೆ ಇಳಿಯುವ ಮೊದಲೇ ಗಟ್ಟಿಯಾಗುತ್ತದೆ, ಇಂಧನಕ್ಕೆ ತಡೆಯುವ ಶಕ್ತಿಯೂ ಕಡಿಮೆ. ನಿಧಾನದ ಅರಾಲ್ಡೈಟ್ ಆದೀತು. ಫೈಬರ್ ಗ್ಲಾಸ್ ಕೆಲಸದವರಿಗೆ ರಾಳ ಮಾರುವ ಅಂಗಡಿ ಹತ್ತಿರದಲ್ಲಿದ್ದರೆ ಅಲ್ಲಿಯ ತೆಳು ಎಪಾಕ್ಸಿ ಇನ್ನೂ ಒಳ್ಳೆಯದು, ಹಾಗೇ ಹರಿದು ಮರದೊಳಗೆ ಇಳಿಯುತ್ತದೆ. ಅದರಲ್ಲಿ ನೂರು ಗ್ರಾಂ ರಾಳಕ್ಕೆ ಹತ್ತು ಗ್ರಾಂ ಹಾರ್ಡನರ್ ಎಂಬಂಥ ಲೆಕ್ಕ ಇರುತ್ತದೆ. ಡಬ್ಬಿಯ ಮೇಲಿನ ಅಳತೆಯನ್ನು ಅಂದಾಜಿನಲ್ಲಿ ಅಲ್ಲ, ಚಿನ್ನ ತೂಗುವಂಥ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಎರಡು ಹನಿ ಜಾಸ್ತಿ ಹಾಕುವವರಿದ್ದಾರೆ. ಬೇಗ ಆಗುವುದಿಲ್ಲ, ಕೊನೆಯವರೆಗೂ ಅಂಟಂಟಾಗಿ ಉಳಿಯುತ್ತದೆ.

ಮೊದಲು ತೂತುಗಳೆಲ್ಲ ಮುಗಿದಿರಬೇಕು. ಇಂಜಿನ್ ಮೌಂಟಿನ ನಾಲ್ಕು ಬೋಲ್ಟು, ಇಂಧನದ ಎರಡು ಕೊಳವೆ, ಥ್ರಾಟಲ್ ಕಡ್ಡಿ, ಮೂಗಿನ ಚಕ್ರ ತಿರುಗಿಸುವ ಕಡ್ಡಿ, ಎಲ್ಲಕ್ಕೂ. ಎಪಾಕ್ಸಿ ಬಳಿದ ಮೇಲೆ ಕೊರೆದ ಒಂದೇ ಒಂದು ತೂತು ಅಷ್ಟೂ ಕೆಲಸವನ್ನು ಹೊಳೆಗೆ ಹಾಕುತ್ತದೆ, ಯಾಕೆಂದರೆ ಪ್ಲೈವುಡ್‌ನ ಪದರಗಳ ಬಾಯಿ ತೆರೆದಿರುವುದು ಆ ತೂತಿನ ಒಳಗೋಡೆಯಲ್ಲೇ. ಇಂಜಿನ್ ಒಮ್ಮೆ ಕೂರಿಸಿ, ಎಲ್ಲವೂ ಹೊಂದುತ್ತದೆ ಎಂದು ನೋಡಿ, ಬಿಚ್ಚಿ. ಆಮೇಲೆ 120ರ ಉಪ್ಪುಕಾಗದದಲ್ಲಿ ತಿಕ್ಕಿ, ಪುಡಿ ಹೊಡೆಯಿರಿ. ಕೈಯಲ್ಲಿ ಒರೆಸಬೇಡಿ, ಬೆಳಗ್ಗೆ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಬೆರಳಲ್ಲಿ ಇದ್ದೇ ಇರುತ್ತದೆ.

ರಾಳ ದಪ್ಪಗಿದೆ ಎನಿಸಿದರೆ ಬೆರೆಸುವ ಮೊದಲು ಟ್ಯೂಬುಗಳನ್ನು ಮುಚ್ಚಳ ಬಿಗಿ ಮಾಡಿ ಬಿಸಿನೀರಿನ ಲೋಟದಲ್ಲಿ ಐದು ನಿಮಿಷ ನಿಲ್ಲಿಸಿ, ತುಪ್ಪ ಕರಗಿದ ಹಾಗೆ ತೆಳ್ಳಗಾಗುತ್ತದೆ. ಬಿಸಿ ಮಾಡಿದ್ದು ಬೇಗ ಗಟ್ಟಿಯಾಗುತ್ತದೆ, ಅದನ್ನು ನೆನಪಿಡಿ. ಲೋಟದಲ್ಲಿ ಗುಡ್ಡೆಯಾಗಿಟ್ಟರೆ ತನ್ನ ಬಿಸಿಗೆ ತಾನೇ ಕುದಿಯುವುದೂ ಉಂಟು, ಆದ್ದರಿಂದ ಚಪ್ಪಟೆ ತಟ್ಟೆಗೆ ಹರಡಿ. ಹತ್ತು ಗ್ರಾಂಗೆ ಒಂದು ಗ್ರಾಂನಷ್ಟು ಐಸೋಪ್ರೊಪೈಲ್ ಆಲ್ಕೋಹಾಲ್ ಬೆರೆಸಿ ತೆಳ್ಳಗೆ ಮಾಡುವ ರೂಢಿಯೂ ಇದೆ. ಮೊದಲ ಕೈಗೆ, ಮರದೊಳಗೆ ಇಳಿಯಲಿ ಎಂದು, ಅದು ಸರಿ. ಅಂಟಿಸುವ ಜಾಗಕ್ಕೆ ಮಾತ್ರ ಹಾಗೆ ತೆಳ್ಳಗೆ ಮಾಡಿದ್ದು ಬೇಡ, ಬಲ ಕಡಿಮೆಯಾಗುತ್ತದೆ.

ತೂತಿನಿಂದಲೇ ಶುರು ಮಾಡಿ. ಇದಕ್ಕೆ ನಾನು ಕಂಡ ಅತ್ಯುತ್ತಮ ಸಲಕರಣೆ ಉರಿದು ಮುಗಿದ ಊದಿನಕಡ್ಡಿಯ ಬಿದಿರು ತುಂಡು. ತುದಿಯನ್ನು ಹಲ್ಲಲ್ಲಿ ಜಗಿದು ಬ್ರಶ್‌ನಂತೆ ಮಾಡಿಕೊಳ್ಳಿ, ಅಂದರೆ ಎಪಾಕ್ಸಿಗೆ ಅದ್ದುವ ಮೊದಲು! ತೂತಿನೊಳಗೆ ತಿರುಗಿಸುತ್ತಾ ಹಿಂದಿನಿಂದ ಮುಂದಕ್ಕೆ ಎಳೆಯಿರಿ. ಒಂದು ನಿಮಿಷ ಬಿಟ್ಟು ನೋಡಿದರೆ ಒಳಗೋಡೆ ಮತ್ತೆ ಮಂಕಾಗಿರುತ್ತದೆ, ಮರ ಕುಡಿದಿದೆ ಎಂದರ್ಥ. ಮತ್ತೆ ಹಾಕಿ. ಮಂಕಾಗುವುದು ನಿಂತು ಒದ್ದೆ ಹೊಳಪು ಉಳಿಯುವ ತನಕ ಬಿಡಬೇಡಿ. ಹಿಂಬದಿಯಲ್ಲಿ ಹಲ್ಲಿನ ನಟ್ಟುಗಳಿದ್ದರೆ ಅವುಗಳ ತಿರುಪಿನ ಮರೆಗೆ ಟೂತ್‌ಪಿಕ್ ತುದಿಯಲ್ಲಿ ವ್ಯಾಸಲೀನ್ ಸವರಿ, ಆಮೇಲೆ ಸುತ್ತಲೂ ಎಪಾಕ್ಸಿ ಹಚ್ಚಿ. ವ್ಯಾಸಲೀನ್ ಮರಕ್ಕೆ ತಾಗಿದರೆ ಅಲ್ಲಿ ಯಾವುದೂ ಹಿಡಿಯುವುದಿಲ್ಲ, ಎಚ್ಚರ.

ಆಮೇಲೆ ಪ್ಲೈವುಡ್‌ನ ಅಂಚುಗಳು, ಅವೂ ತೂತಿನಂತೆಯೇ ಕುಡಿಯುತ್ತವೆ. ಕೊನೆಗೆ ಅಗಲ ಮುಖ, ಅದಕ್ಕೆ ಹಳೇ ಎಟಿಎಂ ಕಾರ್ಡಿನಿಂದ ಎಳೆದು ತೆಳುವಾಗಿ ಸವರಿದರೆ ಸಾಕು. ಫೈರ್‌ವಾಲ್ ಪಕ್ಕದ ಹಲಗೆಗಳಿಗೆ ಸೇರುವ ಮೂಲೆಯಲ್ಲಿ ಮಾತ್ರ ಧಾರಾಳವಾಗಿರಿ. ಎಣ್ಣೆ ನಿಲ್ಲುವುದು ಅಲ್ಲಿ, ಕೀಲು ಬಿಡುವುದೂ ಅಲ್ಲಿಂದಲೇ.

ಮಾರನೇ ದಿನ ಮುಟ್ಟಿದರೆ ಕೆಲವೊಮ್ಮೆ ಮೇಲೆ ಮೇಣದಂಥ ಜಿಡ್ಡು ಇರುತ್ತದೆ. ಗಾಳಿಯ ತೇವ ಹಾರ್ಡನರ್ ಜೊತೆ ಸೇರಿ ಆಗುವುದು ಅದು, ಮಳೆಗಾಲದಲ್ಲಿ ಹೆಚ್ಚು. ಮಂಗಳೂರು, ಕಾರವಾರದ ಕಡೆಯವರಿಗಂತೂ ಅರ್ಧ ವರ್ಷ ಇದೇ ಕತೆ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ ಮತ್ತು ನೀರಿನಲ್ಲಿ ತಿಕ್ಕಿ ತೊಳೆದು, ಒಣಗಿಸಿ, ಎರಡನೇ ಕೈ ಬಳಿಯಿರಿ. ತೊಳೆಯದೆ ಬಳಿದರೆ ಎರಡನೇ ಪದರ ಹಪ್ಪಳದಂತೆ ಎದ್ದು ಬರುತ್ತದೆ. ಎರಡನೇ ಕೈಗೆ ಆಲ್ಕೋಹಾಲ್ ಬೆರೆಸುವುದು ಬೇಡ. ಮೂರನೇ ಕೈಯ ಅಗತ್ಯ ನನಗೆ ಯಾವತ್ತೂ ಕಂಡಿಲ್ಲ.

ಕೈ ಹೋಗದ ಗೂಡು

ಟ್ಯಾಂಕಿನ ರಬ್ಬರ್ ಬಿರಡೆ ಇವತ್ತಲ್ಲ ನಾಳೆ ಒಸರುತ್ತದೆ. ಟ್ಯಾಂಕನ್ನು ಸುತ್ತಿದ ಸ್ಪಂಜು ಅದನ್ನು ಕುಡಿದು ತಿಂಗಳುಗಟ್ಟಲೆ ಮರಕ್ಕೆ ಒತ್ತಿಕೊಂಡು ಕೂರುತ್ತದೆ. ಒಸರಿದ್ದು ಗೊತ್ತಾಗುವ ಹೊತ್ತಿಗೆ ಗೂಡಿನ ನೆಲ ಕಪ್ಪಾಗಿರುತ್ತದೆ. ಒಡಲಿನ ಮೇಲ್ಮುಚ್ಚಳ ಅಂಟಿಸುವ ಮೊದಲೇ ಈ ಗೂಡಿನ ನಾಲ್ಕು ಗೋಡೆ, ನೆಲ, ಫೈರ್‌ವಾಲ್‌ನ ಬೆನ್ನು ಎಲ್ಲಕ್ಕೂ ಒಂದು ಕೈ ಎಪಾಕ್ಸಿ ಸವರುವುದು ಐದು ನಿಮಿಷದ ಕೆಲಸ. ಆಮೇಲಾದರೆ ಅರ್ಧ ದಿನದ ಗೋಳು.

ಕಟ್ಟಿ ಮುಗಿದ ವಿಮಾನ ಕೊಂಡಿದ್ದರೆ ಬೇರೆ ದಾರಿ ಇಲ್ಲ. ತೂತುಗಳಿಗೆಲ್ಲ ಮುಂದಿನಿಂದ ಟೇಪು ಹಾಕಿ, ಆಲ್ಕೋಹಾಲ್ ಬೆರೆಸಿ ತೆಳ್ಳಗೆ ಮಾಡಿದ ಎಪಾಕ್ಸಿ ಹದಿನೈದು ಗ್ರಾಂನಷ್ಟನ್ನು ಒಳಗೆ ಸುರಿದು, ವಿಮಾನವನ್ನು ಮಗು ಎತ್ತಿಕೊಂಡಂತೆ ಎತ್ತಿಕೊಂಡು ಆ ಕಡೆ ಈ ಕಡೆ ವಾಲಿಸಿ. ಉಳಿದದ್ದನ್ನು ಮೂತಿ ಕೆಳಗೆ ಮಾಡಿ ಬಸಿಯಿರಿ. ಕಡ್ಡಿಗೆ ಕಟ್ಟಿದ ಬ್ರಶ್‌ನಿಂದ ಮೂಲೆಗಳನ್ನು ಒಮ್ಮೆ ತಡವಿ. ಸರ್ವೋ ತಂತಿ ಹಾಯುವ ತೂತು ಹಿಂದುಗಡೆ ಇದ್ದೇ ಇರುತ್ತದೆ, ಅದರ ಮೂಲಕ ಎಪಾಕ್ಸಿ ರಿಸೀವರ್ ಕೂರುವ ಕೋಣೆಗೆ ಹರಿದುಹೋದದ್ದೂ ನನ್ನ ಅನುಭವದಲ್ಲಿದೆ.

ರೆಕ್ಕೆ ಕೂರುವ ತಡಿ, ಲ್ಯಾಂಡಿಂಗ್ ಗೇರ್ ಬಿಗಿಯುವ ಮರದ ತುಂಡು, ಸೈಲೆನ್ಸರ್ ಇರುವ ಮಗ್ಗುಲಿನ ಎಲ್ಲ ಸ್ಕ್ರೂ ತೂತುಗಳು, ಇವಕ್ಕೆ ನೀರಿನಂಥ ತೆಳು ಸೂಪರ್ ಗ್ಲೂ ಎರಡೆರಡು ಹನಿ ಸಾಕು. ಸ್ಕ್ರೂ ಒಮ್ಮೆ ಹಾಕಿ ತೆಗೆದು, ಮರೆ ಮೂಡಿದ ಮೇಲೆ ಹನಿ ಬಿಟ್ಟು, ಪೂರ್ತಿ ಒಣಗಿದ ನಂತರ ಮತ್ತೆ ಸ್ಕ್ರೂ ಹಾಕಿ. ಚೆಲ್ಲಿದರೆ ಹತ್ತಿ ಅಥವಾ ಹತ್ತಿಬಟ್ಟೆಯಲ್ಲಿ ಒರೆಸಬೇಡಿ. ಹತ್ತಿ ಮತ್ತು ಸೂಪರ್ ಗ್ಲೂ ಸೇರಿದರೆ ಬೆರಳು ಸುಡುವಷ್ಟು ಬಿಸಿಯಾಗಿ ಹೊಗೆ ಬರುತ್ತದೆ.

ಹೆಂಚು ಹೊದಿಸಿದ ಹಾಗೆ

ರೆಕ್ಕೆಗೂ ಒಡಲಿಗೂ ಇಸ್ತ್ರಿ ಪೆಟ್ಟಿಗೆಯಿಂದ ಅಂಟಿಸುವ ಪ್ಲಾಸ್ಟಿಕ್ ಫಿಲ್ಮ್ ತಾನೇ ಇಂಧನಕ್ಕೆ ಜಗ್ಗುವುದಿಲ್ಲ. ಅದರ ಅಂಚು ಜಗ್ಗುತ್ತದೆ. ಎಣ್ಣೆ ಅಂಚಿನಡಿ ನುಗ್ಗಿ ಅಂಟನ್ನು ಬಿಡಿಸುತ್ತದೆ, ಗಾಳಿ ಅದನ್ನು ಎತ್ತುತ್ತದೆ, ಎತ್ತಿದ ಕಡೆ ಮತ್ತಷ್ಟು ಎಣ್ಣೆ. ಮಂಗಳೂರು ಹೆಂಚು ಹೊದಿಸಿದವರನ್ನು ನೋಡಿದ್ದೀರಲ್ಲ, ಸೂರಿನ ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗುತ್ತಾರೆ, ಮೇಲಿನದು ಕೆಳಗಿನದರ ಮೇಲೆ ಕೂರುತ್ತದೆ. ಇಲ್ಲಿ ಮಳೆ ಬರುವುದು ಮೂತಿಯಿಂದ. ಆದ್ದರಿಂದ ಬಾಲದಿಂದ ಶುರು ಮಾಡಿ ಮುಂದಕ್ಕೆ ಬನ್ನಿ, ಹೊಟ್ಟೆಯ ಭಾಗ ಮೊದಲು, ಬೆನ್ನು ಆಮೇಲೆ. ಒಂದರ ಮೇಲೊಂದು ಕನಿಷ್ಠ ಅರ್ಧ ಅಂಗುಲ ಹತ್ತಲಿ.

ಫೈರ್‌ವಾಲ್ ಹತ್ತಿರ, ಮುಚ್ಚಳ ಕೊಯ್ದ ಕಡೆ, ಸೈಲೆನ್ಸರ್ ಮಗ್ಗುಲಲ್ಲಿ ಫಿಲ್ಮಿನ ಅಂಚಿನ ಮೇಲೆ ಎರಡು ಡಬ್ಬಿಯ ಪಿಯುನ ಸಣ್ಣ ಗೆರೆ ಎಳೆಯಿರಿ. ಅಂಚಿನ ಎರಡೂ ಕಡೆ ಮೂರು ಮಿ.ಮೀ. ಬಿಟ್ಟು ಟೇಪು ಅಂಟಿಸಿ, ನಡುವೆ ಬ್ರಶ್ ಆಡಿಸಿ, ಹಸಿಯಿರುವಾಗಲೇ ಟೇಪು ಕಿತ್ತರೆ ನೀಟಾದ ಗೆರೆ ಉಳಿಯುತ್ತದೆ. ಪೀಠೋಪಕರಣದ ಪಿಯು ಸಣ್ಣ ಡಬ್ಬಿಯಲ್ಲೂ ಸಿಗುತ್ತದೆ. ಅದರ ಹಾರ್ಡನರ್‌ನಲ್ಲಿ ಇರುವುದು ಐಸೋಸಯನೇಟ್, ಶ್ವಾಸಕೋಶಕ್ಕೆ ಕೆಟ್ಟದ್ದು. ಬ್ರಶ್‌ನಲ್ಲೇ ಬಳಿಯಿರಿ, ಬಯಲಲ್ಲಿ ಬಳಿಯಿರಿ. ಮೂಗಿಗೆ ಕರವಸ್ತ್ರ ಕಟ್ಟಿ ಸ್ಪ್ರೇ ಹೊಡೆಯುವ ಸಾಹಸ ಬೇಡ.

ಎಲ್ಲ ಕಡೆಯೂ ಬಳಿಯಬೇಕೇ?

ಬೇಡ. ಹತ್ತು ಸೆಂ.ಮೀ. ಚೌಕಕ್ಕೆ ಮಿಲಿಮೀಟರಿನ ಹತ್ತನೇ ಒಂದು ದಪ್ಪ ಬಳಿದರೆ ಒಂದು ಸಿಸಿ ರಾಳ, ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚು. ಮೂತಿ, ಟ್ಯಾಂಕ್ ಗೂಡು, ತಡಿ ಎಲ್ಲ ಸೇರಿ, ಮರ ಕುಡಿದದ್ದೂ ಹಿಡಿದು, ಇಪ್ಪತ್ತು ಗ್ರಾಂ ದಾಟಬಾರದು. ಎರಡೂವರೆ ಕೆ.ಜಿ. ತೂಗುವ ವಿಮಾನಕ್ಕೆ ಅದು ಲೆಕ್ಕಕ್ಕಿಲ್ಲ. ಬಾಲದ ಲೆಕ್ಕ ಬೇರೆ. ತೂಕದ ಕೇಂದ್ರದಿಂದ ಬಾಲ ಮೂತಿಗಿಂತ ಎರಡು ಮೂರು ಪಟ್ಟು ದೂರದಲ್ಲಿರುತ್ತದೆ, ಅಲ್ಲಿ ಹತ್ತು ಗ್ರಾಂ ಬಳಿದರೆ ಸರಿದೂಗಿಸಲು ಮೂತಿಯಲ್ಲಿ ಇಪ್ಪತ್ತೈದೋ ಮೂವತ್ತೋ ಗ್ರಾಂ ಸೀಸ ಇಡಬೇಕು. ಎಣ್ಣೆ ಬಾಲದ ತನಕ ಹರಿಯುತ್ತದೆ ನಿಜ, ಆದರೆ ಅಲ್ಲಿಗೆ ಫಿಲ್ಮ್ ಸಾಕು. ಹಿಂಜುಗಳ ಸೀಳು, ಬಾಲ ಒಡಲಿಗೆ ಸೇರುವ ಗೆರೆ, ಇವೆರಡನ್ನು ಮಾತ್ರ ಮುಚ್ಚಿ.

ಪೆಟ್ರೋಲ್ ಇಂಜಿನ್ ಇಟ್ಟುಕೊಂಡವರಿಗೆ ಬಣ್ಣದ ಚಿಂತೆ ಕಡಿಮೆ, ಎನಾಮಲ್ ಕೂಡ ಗ್ಲೋ ಇಂಧನದ ಮುಂದೆ ನಿಂತದ್ದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ. ಬರಿಮರವನ್ನು ಹಾಗೇ ಬಿಡಬಹುದು ಎಂದಲ್ಲ, ಎಪಾಕ್ಸಿ ಅಲ್ಲಿಯೂ ಬೇಕು. ಅವರು ನೋಡಬೇಕಾದ್ದು ಕೊಳವೆ: ಗ್ಲೋ ಇಂಧನದ ಸಿಲಿಕೋನ್ ಕೊಳವೆ ಪೆಟ್ರೋಲಿನಲ್ಲಿ ಊದಿಕೊಂಡು ಕಳಚುತ್ತದೆ. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಸಮ ಸಮ ಬೆರೆಸಿ ಪುಟ್ಟ ಡೀಸೆಲ್ ಇಂಜಿನ್ ತಿರುಗಿಸುವವರು ಈಗ ಅಪರೂಪ, ಅವರಿಗೂ ಇದೇ ಎಪಾಕ್ಸಿ ಸಾಕು. ಬ್ಯಾಟರಿ ವಿಮಾನದವರು ಇಷ್ಟು ಹೊತ್ತಿಗೆ ಪುಟ ತಿರುವಿರುತ್ತಾರೆ.

ಮೆಥನಾಲ್ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಅದರ ಉರಿ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ, ಚರ್ಮದ ಮೂಲಕವೂ ಮೈಗೆ ಸೇರುತ್ತದೆ, ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಮೇಲೆ ಹೇಳಿದ ಪರೀಕ್ಷೆಯನ್ನು ಅಡುಗೆಮನೆಯಲ್ಲಾಗಲಿ ದೇವರ ದೀಪದ ಹತ್ತಿರವಾಗಲಿ ಮಾಡಬೇಡಿ. ಇಂಧನವನ್ನು ನೀರಿನ ಬಾಟಲಿಯಲ್ಲಿ ತುಂಬಿಡಲೇಬೇಡಿ.

ಈಗಾಗಲೇ ಎಣ್ಣೆ ಕುಡಿದ ಮರ

ಹಳೇ ವಿಮಾನ ಕೈಗೆ ಬಂದಿದೆ, ಮೂತಿ ಕಂದುಬಣ್ಣಕ್ಕೆ ತಿರುಗಿದೆ ಎಂದುಕೊಳ್ಳಿ. ಅದರ ಮೇಲೆ ನೇರವಾಗಿ ಎಪಾಕ್ಸಿ ಬಳಿದರೆ ಎಣ್ಣೆ ಹಚ್ಚಿದ ಕಾವಲಿಯಿಂದ ದೋಸೆ ಏಳುವಂತೆ ಎದ್ದುಬರುತ್ತದೆ. ಮೊದಲು ಎಣ್ಣೆ ಹೊರಗೆ ಬರಬೇಕು.

ಕರಗುವ ಬಣ್ಣವೆಲ್ಲ ಕೆರೆದು ತೆಗೆಯಿರಿ. ಕೂದಲು ಒಣಗಿಸುವ ಡ್ರೈಯರ್‌ನಿಂದ ಮರವನ್ನು ಬಿಸಿ ಮಾಡಿದರೆ ಎಣ್ಣೆ ಬೆವರಿನಂತೆ ಮೇಲೆ ಬರುತ್ತದೆ, ಟಿಶ್ಯೂ ಕಾಗದ ಒತ್ತಿ ತೆಗೆಯಿರಿ. ಡ್ರೈಯರ್ ಆರಿಸಿ, ಮರ ತಣ್ಣಗಾದ ಮೇಲೆ ಅಸಿಟೋನ್‌ನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ. ಅದರ ಮೇಲೆ ಕಾರ್ನ್‌ಫ್ಲೋರ್ ಅಥವಾ ಮುಖದ ಪೌಡರ್ ಅರ್ಧ ಅಂಗುಲ ದಪ್ಪ ಒತ್ತಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಪುಡಿ ಹಳದಿಯಾಗಿ ಗಟ್ಟಿಕಟ್ಟಿರುತ್ತದೆ. ಉದುರಿಸಿ, ಮತ್ತೆ ಹಾಕಿ. ಪುಡಿ ಬೆಳ್ಳಗೇ ಉಳಿಯುವ ತನಕ ಇದೇ ಕೆಲಸ. ನನಗೆ ಒಂದು ವಿಮಾನಕ್ಕೆ ಒಂಬತ್ತು ರಾತ್ರಿ ಹಿಡಿದಿತ್ತು. ಕಾರ್ನ್‌ಫ್ಲೋರ್ ಡಬ್ಬಿ ಖಾಲಿಯಾದದ್ದಕ್ಕೆ ಮನೆಯಲ್ಲಿ ವಿವರಣೆ ಕೊಡಬೇಕಾಯಿತು.

ಆಮೇಲೆ ಚಾಕುವಿನ ತುದಿಯಿಂದ ಚುಚ್ಚಿ ನೋಡಿ. ಗಟ್ಟಿಯಾಗಿ ಎದುರು ಒತ್ತಿದರೆ ಎಪಾಕ್ಸಿ ಬಳಿಯಬಹುದು. ತುದಿ ಸಲೀಸಾಗಿ ಇಳಿದು ಒದ್ದೆಯಾಗಿ ಬಂದರೆ ಆ ಭಾಗವನ್ನು ಕತ್ತರಿಸಿ ಹೊಸ ಮರ ಕೂಡಿಸುವುದೇ ಸರಿ. ಫೈರ್‌ವಾಲ್ ವಿಷಯದಲ್ಲಿ ನಾನು ಚುಚ್ಚಿ ನೋಡುವುದೂ ಇಲ್ಲ. ಎಣ್ಣೆ ಕುಡಿದ ಫೈರ್‌ವಾಲ್ ಎಂದರೆ ಬದಲಾಯಿಸಿದೆ ಎಂದೇ ಲೆಕ್ಕ. ಆರು ಮಿ.ಮೀ. ಪ್ಲೈವುಡ್‌ನ ಅಂಗೈಯಗಲದ ಚೂರು ಎಷ್ಟು ಮಹಾ ಬೆಲೆ? ಅದು ಕಳಚಿದರೆ ಮುಂದೆ ತಿರುಗುತ್ತಿರುವುದು ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಪ್ರೊಪೆಲರ್.

ಹಾರಾಟ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೈ ಒರೆಸಿ, ಮನೆಯಲ್ಲಿ ವಿಮಾನವನ್ನು ಮೂತಿ ಕೆಳಗಾಗಿ ನೇತುಹಾಕಿ. ಬಾಲ ಕೆಳಗೆ ಮಾಡಿ ನಿಲ್ಲಿಸಿದರೆ ಮೂತಿಯಲ್ಲಿ ಉಳಿದ ಎಣ್ಣೆ ಒಡಲೊಳಗೆ ಇಳಿದು ರಾತ್ರಿಯೆಲ್ಲ ಬರಿಮರದ ಮೇಲೆ ನಡೆಯುತ್ತದೆ. ಆ ಒಂಬತ್ತು ರಾತ್ರಿಯ ವಿಮಾನ ಈಗ ನಮ್ಮ ಅಟ್ಟದ ಕೊಕ್ಕೆಯಲ್ಲಿ ಹಾಗೇ ತಲೆಕೆಳಗಾಗಿ ನೇತಾಡುತ್ತಿದೆ, ಸೈಲೆನ್ಸರ್ ಬಾಯಿಯ ಕೆಳಗೆ ಒಂದು ಹಳೇ ಮೊಸರಿನ ಡಬ್ಬಿ ಇಟ್ಟಿದ್ದೇನೆ. ಹಾರಿಸಿ ಮೂರು ವಾರವಾಯಿತು, ಡಬ್ಬಿಯಲ್ಲಿ ನಿನ್ನೆಯೂ ಒಂದು ಹೊಸ ಹನಿ ಇತ್ತು.